ನಂಬರು ಬಾಯಾಗಿರಬೇಕು

"ತಪ್ಪು! ಮತ್ತೆ ಮೊದಲಿಂದ!" ಎಂದು ಕಾಕಾ ಸಿಮ್ ಕಾರ್ಡನ್ನು ಹಿಂದಕ್ಕೆ ಎಳೆದುಕೊಂಡರು. ಅವರ ಬಲಗೈಯ ನಡುಬೆರಳು ಯಾವಾಗಲೋ ಶಟರ್‌ಗೆ ಸಿಕ್ಕಿ ಕೊಕ್ಕೆಯ ಹಾಗೆ ಬಾಗಿತ್ತು. ಆ ಕೊಕ್ಕೆಬೆರಳಿಗೂ ಹೆಬ್ಬೆರಳಿಗೂ ನಡುವೆ ಸಿಮ್ ಹಿಡಿದು ತಲೆಯ ಮೇಲೆ ಎತ್ತಿದ್ದರು. ಎದುರಿಗೆ ನಿಂತಿದ್ದವಳು ಖಿದಿರ್‌ಪುರದ ಬಸ್ ಸ್ಟಾಪಿನ ಹತ್ತಿರ ಇಸ್ತ್ರಿ ಮಾಡುವ ಹೆಂಗಸಿನ ಮಗಳು. ಸಿಮ್ ತಾಯಿಗೆ. ಆದರೆ ಹತ್ತು ಅಂಕಿ ಒಪ್ಪಿಸಬೇಕಾದವಳು ಮಗಳು, ಯಾಕೆಂದರೆ ಮರುವಾರ ಮದುವೆಯಾಗಿ ಬಿಹಾರದ ಹಳ್ಳಿಗೆ ಹೊರಟಿದ್ದವಳು ಅವಳು. ಮೂರು ಸಲ ತಪ್ಪಿಲ್ಲದೆ ಹೇಳಿದ ಮೇಲೇ ಕಾಕಾ ಸಿಮ್ ಕೊಟ್ಟರು.

ಅದು ಅವರ ಅಂಗಡಿಯ ಕಾಯಿದೆ. ಹಡಗುಕಟ್ಟೆಯ ಕೂಲಿಯವನಿರಲಿ, ಅಲಿಪುರದ ಕೋರ್ಟಿನ ವಕೀಲನಿರಲಿ, ನಂಬರ್ ಬಾಯಿಪಾಠ ಒಪ್ಪಿಸದೆ ಸಿಮ್ ಇಲ್ಲ. ಗಿರಾಕಿಗಳ ಹತ್ತಿರ ಹಿಂದಿ, ನನ್ನ ಹತ್ತಿರ ಗದಗಿನ ಕನ್ನಡ.

"ಫೋನು ಕಳೀತದ, ನೀರಾಗ ಬೀಳ್ತದ, ಯಾರರ ಕಸಗೊಂಡು ಹೋಗ್ತಾರ. ನಂಬರು ಬಾಯಾಗಿರಬೇಕಲೇ, ಮಗನ."

ಕಾಕಾ ನನಗೆ ಸಂಬಂಧಿಯೇನಲ್ಲ. ತಮ್ಮ ಅಪ್ಪನ ರೈಲ್ವೆ ನೌಕರಿಯ ಜೊತೆ ಚಿಕ್ಕಂದಿನಲ್ಲೇ ಗದಗಿನಿಂದ ಈ ಬಂಗಾಳಿ ಊರಿಗೆ ಬಂದವರು. ನನ್ನಪ್ಪ ಬಾಲಿಗಂಜ್‌ನ ಇಡ್ಲಿ ಹೋಟೆಲಿನಲ್ಲಿ ಅಡುಗೆಯವನು. ನಾನು ಎಂಟನೇ ಕ್ಲಾಸು ಫೇಲಾಗಿ ಬೀದಿ ಸುತ್ತುತ್ತಿದ್ದಾಗ, ಒಂದು ಸಣ್ಣ ಫೋನ್ ಕಂಪನಿಯವರ ಕೈಕಾಲು ಹಿಡಿದು ಸಿಮ್ ಮಾರುವ ಕೆಲಸ ಕೊಡಿಸಿದವರು ಕಾಕಾ.

ಸಿಮ್ ಬರುವ ಮೊದಲು ಅದೇ ಜಾಗದಲ್ಲಿ ಅವರದು ಎಸ್‌ಟಿಡಿ ಬೂತ್. ದರ ಇಳಿದಾಗ ಅವರಷ್ಟು ಕುಣಿದವರು ಯಾರೂ ಇಲ್ಲ. ಕಂಪನಿಗಳು ಜಿದ್ದಿಗೆ ಬಿದ್ದು ಮಾತು ಅಗ್ಗ ಮಾಡಿದ ವರ್ಷ ಇಡೀ ಕೇರಿಗೆ ಸಂದೇಶ್ ಮಿಠಾಯಿ ಹಂಚಿದ್ದರಂತೆ. ಬೂತ್ ಹಾಳಾಗುತ್ತದೆ ಎಂದು ಗೊತ್ತಿದ್ದೂ ಹಂಚಿದರು.

"ಮಂದಿ ಅಳೂದನ್ನೂ ಮೀಟರ್ ನೋಡ್ಕೋಂತ ಅಳತಿದ್ರಲೇ. ಇನ್ನ ಹೊಟ್ಟಿ ತುಂಬ ಅಳಲಿ" ಎಂದಿದ್ದರು.

ಆಮೇಲೆ ಒಂದು ದೊಡ್ಡ ಕಂಪನಿ ಬಂತು. ಎಲ್ಲವನ್ನೂ ಪುಕ್ಕಟೆ ಹಂಚಿತು. ಇಡೀ ಊರು ಆಧಾರ್ ಕಾರ್ಡ್ ಹಿಡಿದು ಕ್ಯೂ ನಿಂತಿತು. ನಮ್ಮಂಥ ಸಣ್ಣ ಕಂಪನಿಗಳು ಉಸಿರು ಕಟ್ಟಿ ಸತ್ತವು. ಸಾಯುವಾಗಲಾದರೂ ನಿಜ ಹೇಳಿ ಸಾಯಬೇಕಿತ್ತು. ಹೇಳಲಿಲ್ಲ. ನಮ್ಮ ಏರಿಯಾ ಮ್ಯಾನೇಜರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದ: "ಕಂಪನಿ ಮುಚ್ಚಲ್ಲ ಅಂತ ಅಂಗಡಿಯವರಿಗೆ ಹೇಳಿ. ಗಿರಾಕಿ ಹೋದರೆ ಮೊದಲು ನಿಮ್ಮ ಕೆಲಸ ಹೋಗುತ್ತೆ." ಅಷ್ಟು ಹೊತ್ತಿಗೆ ಅಲಿಪುರದ ಟವರ್ ಬಂದ್ ಆಗಿತ್ತು. ನಾನೇ ಹೋಗಿ ನೋಡಿ ಬಂದಿದ್ದೆ.

ಅದೇ ವಾರ ಇಸ್ತ್ರಿಯವಳು ಅಂಗಡಿಗೆ ಬಂದಳು.

"ಚಾಚಾ, ಎಲ್ಲರೂ ತಮ್ಮ ನಂಬರನ್ನ ಬೇರೆ ಕಂಪನಿಗೆ ಹಾಕಿಸ್ಕೊಳ್ತಿದ್ದಾರೆ. ನಾನೂ ಹಾಕಿಸ್ಲಾ?"

ಅವಳ ಮಗಳಿಗೆ ಗಂಡನ ಮನೆಯಲ್ಲಿ ಫೋನ್ ಮುಟ್ಟಲು ಬಿಡುತ್ತಿರಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಪಕ್ಕದ ಮನೆಯವರ ಫೋನ್ ಕೈಗೆ ಸಿಕ್ಕರೆ ಎರಡು ನಿಮಿಷ ಮಾತಾಡುತ್ತಿದ್ದಳು. ಅವಳಿಗೆ ಗೊತ್ತಿದ್ದ ನಂಬರ್ ಜಗತ್ತಿನಲ್ಲಿ ಅದೊಂದೇ. ತಾಯಿ ಒಮ್ಮೆ ನೋಡಲು ಹೋಗಿದ್ದಕ್ಕೆ ಮಗಳಿಗೆ ಏಟು ಬಿದ್ದಿತ್ತು. ಮತ್ತೆ ಹೋಗುವ ಹಾಗಿರಲಿಲ್ಲ.

ಕಾಕಾ ನನ್ನ ಕಡೆ ತಿರುಗಿದರು. "ಏನಲೇ, ನಿಮ್ಮ ಕಂಪನಿ ಇರ್ತದೋ ಹೋಗ್ತದೋ? ಖರೇ ಹೇಳು."

"ಇರ್ತದ ಕಾಕಾ. ನನ್ನಾಣಿಗೂ."

"ನಮ್ಮ ಹುಡುಗ ಹೇಳ್ತಿದ್ದಾನಲ್ಲ ಬೇಟಿ, ಆರಾಮಾಗಿರು" ಎಂದು ಅವಳನ್ನು ಕಳಿಸಿದರು.

ಹತ್ತೇ ದಿನಕ್ಕೆ ಖಿದಿರ್‌ಪುರದಲ್ಲೂ ನೆಟ್‌ವರ್ಕ್ ಸತ್ತಿತು. ನಂಬರ್ ಬೇರೆ ಕಂಪನಿಗೆ ಹೋಗಬೇಕಾದರೆ ಅದೇ ನಂಬರಿನಿಂದ ಮೆಸೇಜ್ ಹೋಗಬೇಕು, ಅದಕ್ಕೇ ಕೋಡ್ ಬರಬೇಕು. ನೆಟ್‌ವರ್ಕೇ ಇಲ್ಲದಿದ್ದರೆ ಎಲ್ಲಿಂದ ಬರಬೇಕು ಕೋಡ್? ಕಾಕಾ ನಾಲ್ಕು ದಿನ ಕಂಪನಿಯ ಆಫೀಸಿಗೆ ಅಲೆದರು. ಅಲ್ಲಿ ಇದ್ದವನು ವಾಚ್‌ಮನ್ ಒಬ್ಬನೇ.

ಇಸ್ತ್ರಿಯವಳು ಬೈಯಲಿಲ್ಲ. "ಅವಳು ಫೋನ್ ಮಾಡಿದರೆ ಏನು ಕೇಳಿಸುತ್ತೆ ಚಾಚಾ?" ಎಂದಳು ಅಷ್ಟೇ. "ಈ ನಂಬರ್ ಇಲ್ಲ ಅಂತ ತಾನೇ? ಅಮ್ಮ ಸತ್ತಳು ಅಂದ್ಕೊಳ್ತಾಳೆ."

ಅವಳು ಹೋದ ಮೇಲೆ ಕಾಕಾ ಕೇಳಿದರು, "ನಿನಗ ಗೊತ್ತಿತ್ತೇನಲೇ?"

"ಗೊತ್ತಿತ್ತು."

ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ. ಕುತ್ತಿಗೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡರು. ಅವರ ಗಂಟಲಿನೊಳಗೆ ಒಂದು ಗೆಡ್ಡೆ ಬೆಳೆದಿತ್ತು. ಮಾತು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು.

"ನಾಳೆ ಬಿಹಾರಕ್ಕ ಹೊಂಟೇವಿ. ಆ ನಿಮ್ಮ ಕಂಪನಿ ಛತ್ರಿ ಐತಲ್ಲ, ಅದನ್ನ ತೊಗೊಂಡು ಬಾ."

ತಾಯಿಗೆ ಬೇರೆ ಕಂಪನಿಯ ಹೊಸ ಸಿಮ್ ಹಾಕಿಸಿ, ಜನರಲ್ ಬೋಗಿಯಲ್ಲಿ ನಿಂತುಕೊಂಡೇ ಹೋದೆವು. ಆ ಹಳ್ಳಿಯಲ್ಲಿ, ಆ ಮನೆಯ ಎದುರಿನ ಬೋರಿಂಗ್ ಪಂಪಿನ ಹತ್ತಿರ ಛತ್ರಿ ಬಿಡಿಸಿ ಸಿಮ್ ಮಾರುವವರ ಹಾಗೆ ನಿಂತೆವು. ಕಾಕಾ ತರಕಾರಿಯವನ ಹಾಗೆ ಹಿಂದಿಯಲ್ಲಿ ಕೂಗಲು ಶುರು ಮಾಡಿದರು. "ಸಿಮ್ ಬೇಕಾ ಸಿಮ್! ಈ ನಂಬರ್ ಮೂರು ಸಲ ಒಪ್ಪಿಸಿದವರಿಗೆ ಸಿಮ್ ಪುಕ್ಕಟೆ!" ಆಮೇಲೆ ತಾಯಿಯ ಹೊಸ ನಂಬರಿನ ಹತ್ತು ಅಂಕಿ, ಒಂದೊಂದಾಗಿ. ಊರಿನ ಜನ ಸೇರಿ, ನಗುತ್ತಾ ಒಪ್ಪಿಸಿದರು. ಯಾರು ಸರಿ ಹೇಳಿದರೂ ಕಾಕಾ ಆ ಮನೆಯ ಕಡೆ ಮುಖ ಮಾಡಿ ಅರಚುತ್ತಿದ್ದರು: "ತಪ್ಪು! ಮತ್ತೆ ಮೊದಲಿಂದ!"

ಒಬ್ಬ ಮುದುಕ ರೇಗಿದ. "ಸರಿಯಾಗೇ ಹೇಳಿದ್ನಲ್ಲಯ್ಯಾ! ಕಿವುಡನಾ ನೀನು?"

"ಕಿವುಡನೇ. ಇನ್ನೂ ಜೋರಾಗಿ ಹೇಳಿ ದಾದಾ" ಎಂದರು ಕಾಕಾ.

ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂಗಿದರು. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು. ನಾನು ಕೂಗುತ್ತೇನೆ ಬಿಡಿ ಎಂದರೆ, "ನಿನ್ನ ಧ್ವನಿ ಆಕಿಗೆ ಎಲ್ಲಿ ಗೊತ್ತೈತಿ?" ಎಂದು ದಬ್ಬಿದರು. ಕಿಟಕಿ ತೆರೆಯಲಿಲ್ಲ. ಅವಳು ಕಾಣಲಿಲ್ಲ. ಕಡೆಗೆ ಕೆಮ್ಮು ಬಂದು ಟವೆಲ್‌ಗೆ ರಕ್ತ ಬಿತ್ತು. ಹೊತ್ತುಕೊಂಡ ಹಾಗೆ ಸ್ಟೇಷನ್‌ಗೆ ಕರೆತಂದೆ. ಹೋದ ಧ್ವನಿ ಮತ್ತೆ ಬರಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಗ್ಗೆ ಇಸ್ತ್ರಿಯವಳು ಫೋನ್ ಕಿವಿಗೆ ಒತ್ತಿಕೊಂಡು ಅಂಗಡಿಗೆ ಓಡಿ ಬಂದಳು. ಅಲ್ಲಿ ಯಾರದೋ ಪ್ಯಾಂಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಬಿಟ್ಟೇ ಬಂದಿದ್ದಳು, ಸುಟ್ಟ ವಾಸನೆ ನಮ್ಮವರೆಗೂ ಬರುತ್ತಿತ್ತು. ಫೋನನ್ನು ಸ್ಪೀಕರ್‌ಗೆ ಹಾಕಿ ಕಾಕಾರ ಮುಂದೆ ಇಟ್ಟಳು. ಕಾಕಾರಿಗೆ ಮಾತು ಬರುವ ಹಾಗಿರಲಿಲ್ಲ. ಕೊಕ್ಕೆಬೆರಳಿನಿಂದ ಟೇಬಲ್ ಕುಟ್ಟಿ ನನ್ನನ್ನು ನೋಡಿದರು. ನನಗೆ ಅರ್ಥವಾಯಿತು.

"ಚಾಚಾ ನಂಬರ್ ಒಪ್ಪಿಸು ಅಂತಿದ್ದಾರೆ" ಎಂದೆ.

ಆ ಕಡೆಯಿಂದ ಮಗಳು ಅಳುತ್ತಾ ಒಪ್ಪಿಸಿದಳು. ಹತ್ತಕ್ಕೆ ಹತ್ತು. ನಾನು ಕೇಳದಿದ್ದರೂ ಎರಡನೇ ಸಲ, ಮೂರನೇ ಸಲ ಹೇಳಿದಳು. ಮೂರನೆಯದು ಮುಗಿದ ಮೇಲೆ ಕಾಕಾ ಕೈ ಮೇಲೆತ್ತಿದರು. ಬೆರಳ ಸಂದಿಯಲ್ಲಿ ಸಿಮ್ ಇರಲಿಲ್ಲ, ಅಷ್ಟೇ.

ಆ ಚಳಿಗಾಲ ಕಾಕಾ ಹೋದರು.

ಈಗ ಉಳಿದಿರುವುದು ಎರಡು ಮೂರು ಕಂಪನಿ. ದರ ಮತ್ತೆ ಏರುತ್ತಿದೆ. ಅಂದು ಪುಕ್ಕಟೆಗೆ ಕ್ಯೂ ನಿಂತವರೇ ಇಂದು ಬೈಯುತ್ತಾ ರೀಚಾರ್ಜ್ ಮಾಡಿಸುತ್ತಾರೆ. ಬೈಯಲಿ. ಆ ಮ್ಯಾನೇಜರ್ ಈಗ ಇನ್ನೊಂದು ಕಂಪನಿಯಲ್ಲಿ ಇನ್ನೂ ದೊಡ್ಡ ಮ್ಯಾನೇಜರ್. ಥೂ. ನಾನೇನು ಕಡಿಮೆಯವನಲ್ಲ. ಆಣೆ ಇಟ್ಟವನು ನಾನು. ಕಾಕಾರ ಹತ್ತಿರ ಕ್ಷಮೆ ಕೇಳಲೂ ಇಲ್ಲ.

ನನ್ನ ಫೋನಿನಲ್ಲಿ ನೂರಾರು ನಂಬರ್ ಇವೆ. ಬಾಯಲ್ಲಿರುವುದು ಆ ಇಸ್ತ್ರಿಯವಳದು ಒಂದೇ. ಇನ್ನು ಹೇಳಲು ನನ್ನ ಹತ್ತಿರ ಏನೂ ಇಲ್ಲ.