ಕುಂಕುಮ ತಾಗಿದ ಸಿಡಿ

ಕಾನ್ವೆಂಟಿನಲ್ಲಿ ಕಲಿತವಳು ನಾನು. ಇಂಗ್ಲಿಷ್ ಪ್ರಾರ್ಥನೆಗಳು ಇಂದಿಗೂ ಬಾಯಿಪಾಠ. ಅಮ್ಮನ ಶೋಭಾನೆ ಹಾಡು ಮಾತ್ರ ಕಲಿಯಲಿಲ್ಲ. ಆರತಿ ಎತ್ತುವ ಹೊತ್ತಿಗೆ ಅಮ್ಮ ಇರುತ್ತಾಳಲ್ಲ ಎಂಬ ಧೈರ್ಯ. ಡೊಂಬಿವಲಿಯಲ್ಲಿ ನನ್ನ ಮಗನ ಮದುವೆಯಾದಾಗ ಅವಳು ಕೊನೆಯ ಸಲ ಹಾಡಿದಳು. ವಿಡಿಯೋದವರು ಅದನ್ನು ಸಿಡಿಗೆ ಹಾಕಿ, ನೋಡಲೆಂದು ನಮ್ಮ ಕಂಪ್ಯೂಟರಿಗೆ ಬೇರೆಯೇ ಒಂದು ಪ್ಲೇಯರ್ ಸೇರಿಸಿಕೊಟ್ಟರು.

ಅಮ್ಮ ತೀರಿಕೊಂಡ ವರ್ಷದ ಆಯುಧಪೂಜೆ. ನಮ್ಮ ಹೋಟೆಲಿನ ಗ್ರೈಂಡರು, ಇವರ ಸ್ಕೂಟರು, ಕಂಪ್ಯೂಟರು ಎನ್ನುತ್ತ ಕುಂಕುಮ ಇಡುತ್ತ ಬಂದವಳು ಆ ಸಿಡಿಗೂ ಒಂದು ಬೊಟ್ಟು ಇಟ್ಟೆ, ಅದೂ ಹೊಳೆಯುವ ಮಗ್ಗುಲಿಗೆ. ಆಮೇಲೆ ಸೆರಗಿನಿಂದ ಒರೆಸಿದೆ. ಮುಂದೆ ಹೊಸ ಕಂಪ್ಯೂಟರು ಬಂತು. ಸಿಡಿ ಹಾಕಿದರೆ ಬರೀ ಕಪ್ಪು ಪರದೆ. ನನ್ನ ಬೊಟ್ಟೇ ಅಮ್ಮನ ದನಿಯನ್ನು ಅಳಿಸಿತು ಎಂದುಕೊಂಡೆ. ಆ ಗಿಲ್ಟ್ ಅನ್ನು ವರ್ಷಗಟ್ಟಲೆ ಒಳಗೇ ಇಟ್ಟುಕೊಂಡೆ.

ಮಗಳ ಮದುವೆ ನಿಶ್ಚಯವಾದಾಗ ಘೋಡಬಂದರ್ ರಸ್ತೆಯ ಬೀಗರು, ನಿಮ್ಮ ಕಡೆಯಿಂದ ಶೋಭಾನೆ ಯಾರು ಹೇಳುತ್ತಾರೆ ಎಂದು ಫೋನಿನಲ್ಲಿ ಕೇಳಿದರು. ಫೋನಿಟ್ಟವಳೇ ಕಪಾಟಿನಿಂದ ಆ ಸಿಡಿ ಹುಡುಕಿ ತೆಗೆದೆ. ತಂಗಿಯ ಮಗಳು ಖಾರಘರದ ಐಟಿ ಆಫೀಸಿನವಳು. ಅವಳನ್ನು ಕರೆಸಿ, ಸಿಡಿ ಕೊಟ್ಟು, ಕುಂಕುಮದ ಕತೆಯನ್ನೂ ಒಪ್ಪಿಕೊಂಡೆ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸಿಡಿ ಏಕದಮ್ ಠೀಕ್ ಉಂಟು, ದೊಡ್ಡಮ್ಮ. ಈ ಫಾರ್ಮ್ಯಾಟ್ ಒಂದೇ ಕಂಪನಿದು. ಅವರ ಪ್ಲೇಯರ್ ಇದ್ರೆ ಮಾತ್ರ ಓಡ್ತದೆ."

"ಹಾಡು ನನ್ನ ಅಮ್ಮಂದಲ್ವಾ?"

"ಹಾಡು ಅಜ್ಜಿದೇ. ಬೀಗ ಅವರದ್ದು."

ತನ್ನ ಲ್ಯಾಪ್‌ಟಾಪಿನಲ್ಲಿದ್ದ ಇನ್ನೊಂದು ಪ್ಲೇಯರಿನಲ್ಲಿ ಅವಳು ಸಿಡಿ ತೆರೆದಳು. ಆ ಪ್ಲೇಯರನ್ನು ಯಾವ್ಯಾವುದೋ ದೇಶದವರು ಬಿಡುವಿನಲ್ಲಿ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದಾರಂತೆ. ಪರದೆ ಒಮ್ಮೆ ನಡುಗಿತು. ಸೆರಗು ಸರಿಮಾಡಿಕೊಳ್ಳುತ್ತ ಅಮ್ಮ ಬಂದಳು, ಹಾಡಿದಳು. ನಮ್ಮ ಭಾಷೆಯ ಹೆಸರನ್ನೂ ಕೇಳಿರದ ಆ ಜನ ಅಮ್ಮನಿಗೆ ಬಾಗಿಲು ತೆರೆದಿದ್ದರು! ಇಂಥದ್ದಕ್ಕೆ ಗ್ರೇಸ್, ಕೇಳದೆಯೇ ಸಿಗುವ ಕೃಪೆ, ಎನ್ನಬೇಕೆಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು.

ಹುಡುಗಿ ಅದನ್ನು ಯಾರ ಒಡೆತನಕ್ಕೂ ಸೇರದ ಫಾರ್ಮ್ಯಾಟಿಗೆ ಬದಲಾಯಿಸಿ ನಮ್ಮ ಕುಟುಂಬಕ್ಕೆಂದು ತಾನೇ ಮಾಡಿದ ವೆಬ್‌ಪೇಜಿಗೆ ಹಾಕಿದಳು. ಕಲ್ಯಾಣ್ ಊರಿನಲ್ಲಿದ್ದ ತಂಗಿ, ಏನೂ ಇನ್‌ಸ್ಟಾಲ್ ಮಾಡದೆಯೇ, ಬ್ರೌಸರಿನಲ್ಲೇ ಅಮ್ಮನನ್ನು ಕಂಡು ಫೋನಿನಲ್ಲಿ ಅತ್ತಳು. ಹತ್ತು ದಿನ ಅವಳು ಅಲ್ಲಿ, ನಾನು ಠಾಣೆಯ ನಮ್ಮ ಮನೆಯಲ್ಲಿ, ಅಮ್ಮನ ಮುಂದೆ ಕುಳಿತು ಕಲಿತೆವು.

ಮದುವೆಯ ದಿನ ಇಬ್ಬರೂ ಆರತಿ ಹಿಡಿದು ಹಾಡಿದೆವು. ಮೂರನೆಯ ನುಡಿಯ ನಡುವೆ, ವಿಡಿಯೋದಲ್ಲಿ ಅಮ್ಮ ಕೆಮ್ಮಿದ್ದ ಜಾಗದಲ್ಲೇ, ನಾವಿಬ್ಬರೂ ಒಟ್ಟಿಗೆ ಕೆಮ್ಮಿದೆವು.