ನೀರಿನ ಸೀಮೆಯ ಹಗೇವು

ಹಗೇವು ನನಗೆ ಮೋಸ ಮಾಡಲಿಲ್ಲ. ನಾನೇ ಸೊಕ್ಕಿನಿಂದ ಒಂದು ಚೀಲ ಬಿತ್ತನೆ ಜೋಳವನ್ನು ನೀರಿಗೆ ಹಾಕಿದೆ. ಇದರಲ್ಲಿ ಮತ್ತೊಬ್ಬರ ತಪ್ಪಿಲ್ಲ.

ಮಸ್ಕಿ ಕಡೆಯ ನಮ್ಮೂರಲ್ಲಿ ನನ್ನ ಮಣ್ಣಿನ ಮಾಳಿಗೆ ಮನೆ ಹೋದ ವರ್ಷದ ಮಳೆಗೆ ಕುಸಿಯಿತು. ಒಬ್ಬಳೇ ಮಗಳು ಶಾಂತಾ ಗೊರೇಬಾಳದ ಹತ್ತಿರದ ತನ್ನ ಗಂಡನ ಮನೆಗೆ ನನ್ನನ್ನು ಕರೆತಂದಳು. ಬಸ್ಸಿಳಿದು ನೋಡಿದರೆ ನಾಲ್ಕೂ ಕಡೆ ನೀರು, ನೀರಿನಲ್ಲಿ ಭತ್ತ, ನಡುವೆ ಕೋಟೆಯಂಥ ಒಂದು ಮನೆ. ಹೋಗಲು ಒಂದೇ ಬದು. ನಾಟಿಗೆ ಬರುವ ತೆಲುಗು ಹೆಂಗಸರು ಬದುವಿಗೆ 'ಗಟ್ಟು' ಅನ್ನುತ್ತಾರೆ. ಈಗ ನಾನೂ ಅನ್ನುತ್ತೇನೆ. ನಮ್ಮೂರಲ್ಲಿ ಬಾಗಿಲು ದಾಟಿದರೆ ಯಾವ ದಿಕ್ಕಿಗಾದರೂ ನಡೆಯಬಹುದಿತ್ತು. ಇಲ್ಲಿ ಗಟ್ಟು ತಪ್ಪಿದರೆ ಮೊಣಕಾಲುದ್ದ ಕೆಸರು.

ಮನೆಯೂ ಹಾಗೇ. ಹೊರಗೋಡೆಗೆ ಒಂದೂ ಕಿಟಕಿ ಇಲ್ಲ. ಗೋಡೆ ಎಷ್ಟು ದಪ್ಪ ಅಂದರೆ, ಬಾಗಿಲಿಗೆ ಅಡ್ಡ ಹಾಕುವ ಅಗಳಿ ಪೂರಾ ಗೋಡೆಯೊಳಗೇ ಸರಿದುಹೋಗುತ್ತದೆ. ನಿಜಾಮರ ಕಾಲದಲ್ಲಿ ದರೋಡೆಗೆ ಹೆದರಿ ಹಾಗೆ ಕಟ್ಟಿಸಿದರಂತೆ, ನನ್ನ ಬೀಗತಿ ಸಾವಂತ್ರವ್ವನ ಗಂಡನ ಅಜ್ಜ. ಬೆಳಕು ಬರುವುದು ಮಾಳಿಗೆಯ ಗವಾಕ್ಷಿಯಿಂದ. ಮಳೆ ಬಂದರೆ ಅದಕ್ಕೂ ಕಲ್ಲು ಮುಚ್ಚುತ್ತಾರೆ. ಎತ್ತು ಕಟ್ಟುತ್ತಿದ್ದ ತಗ್ಗಿನ ಅಂಕಣದಲ್ಲಿ ಈಗ ಗೊಬ್ಬರದ ಚೀಲ, ಅಳಿಯನ ಮೋಟರ್ ಸೈಕಲ್ಲು. ಅದಕ್ಕಿಂತ ಎತ್ತರದ ಪಡಸಾಲೆಯ ನೆಲದೊಳಗೆ ಆಳುದ್ದದ ಹಗೇವು, ಕಾಳು ಹೂಳಿಡುವ ಕುಣಿ.

ದಿನಾ ನಾನು ಊರಿಗೆ ಹೋಗುತ್ತೇನೆ ಅನ್ನುವುದನ್ನು ಕೇಳಿ ಕೇಳಿ ಶಾಂತಾಳಿಗೆ ಸಾಕಾಯಿತು. "ಆತಬೇ. ಹಿಂಗಾರಿಗೆ ಬಿತ್ತಾಕ ಕಾಳಿದ್ರ ಹೋಗು, ತಗಡಿನ ಶೆಡ್ಡು ಹಾಕಿಸಿಕೊಡ್ತೀನಿ. ಇಲ್ಲಂದ್ರ ಸುಮ್ಕ ಇಲ್ಲೇ ಇರು."

ಕಾಳು ನನ್ನ ಹತ್ತಿರ ಇತ್ತು. ಬಿದ್ದ ಮನೆಯಿಂದ ಎಳೆದು ತಂದ ಬಿಳಿ ಜೋಳ, ನಮ್ಮತ್ತೆಯ ಕಾಲದಿಂದ ಬಂದ ತಳಿ. ಅಂಗಡಿ ಬೀಜ ಬಿತ್ತುವವಳು ನಾನಲ್ಲ.

ಬೇಸಿಗೆಯಲ್ಲಿ ಗದ್ದೆಗೆ ನೀರುಣಿಸುವ ಕಾಲುವೆ ನಿಂತಿತ್ತು. ಹಗೇವಿನ ಕಲ್ಲು ಸರಿಸಿ, ಒಳಗೆ ಕೆಟ್ಟ ಗಾಳಿ ಇದೆಯೋ ಎಂದು ಮೊದಲು ದೀಪ ಇಳಿಬಿಟ್ಟು, ಅದು ಆರಲಿಲ್ಲವೆಂದು ಖಾತ್ರಿಯಾದ ಮೇಲೆ ನಾನು ಇಳಿದೆ. ಗೋಡೆ ಮುಟ್ಟಿದರೆ ಒಣ.

ಮೇಲಿನಿಂದ ಬೀಗತಿ ಕೂಗಿದಳು. "ಬ್ಯಾಡ್ರಿ ಬೀಗತಿ. ಕಾಲುವಿ ಬಂದಾಗಿಂದ ಅದರಾಗ ಒಂದು ಕಾಳು ಇಟ್ಟಿಲ್ಲ ನಾವು."

"ನೀವು ಅಕ್ಕಿ ಉಣ್ಣೋರು. ಹಗೇವಿಂದು ನಿಮಗೇನು ಗೊತ್ರಿ?"

"ಉಣ್ರಿ ಹಂಗಾರ, ಕೊಳತದ್ದನ್ನ."

ಜೋಳದ ಸೊಪ್ಪೆ, ಬೇವಿನೆಲೆ ಹಾಸಿ, ಚೀಲ ಇಳಿಸಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದೆ.

ಕಾಲುವೆಗೆ ನೀರು ಬಂತು. ನಾಟಿ ಮುಗಿಯಿತು. ಗೋಡೆಯ ಬುಡಕ್ಕೆ ಉಪ್ಪಿನಂಥ ಸವಳು ಏರಿತು. ನೋಡಿಯೂ ನೋಡದವಳಂತೆ ಇದ್ದೆ. ಹಿಂಗಾರಿ ಬಿತ್ತನೆಗೆ ಮುಂಚೆ ಕಲ್ಲು ಸರಿಸಿದರೆ ಮೂಗು ಒಡೆಯುವ ವಾಸನೆ. ದೀಪ ಇಳಿಬಿಟ್ಟೆ, ಆರಿಹೋಯಿತು. ಕೊಕ್ಕೆ ಹಾಕಿ ಚೀಲ ಎಳೆದರೆ ಕಾಳು ಕಪ್ಪಗೆ ಉಂಡೆ ಕಟ್ಟಿತ್ತು, ನೀರು ತೊಟ್ಟಿಕ್ಕುತ್ತಿತ್ತು.

ಶಾಂತಾ ನೋಡಿದಳು. "ಮಾತಂದ್ರ ಮಾತಬೇ" ಅಂದು ಒಳಗೆ ಹೋದಳು.

ಬೀಗತಿ ನಗಲಿಲ್ಲ. ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. "ನಮ್ಮತ್ತಿ ಸೊಸಿಯಾಗಿ ಬಂದಾಗ ಇಲ್ಲೂ ಬರೇ ಜೋಳಾನರಿ. ಇದೇ ಹಗೇವಿನಾಗ ಮೂರು ವರ್ಷದ ಕಾಳು ಕೆಡಲಾರದಂಗ ಇರ್ತಿತ್ತಂತ" ಅಂದಳು.

ಆಗ ಗೊತ್ತಾಯಿತು. ಈ ಮನೆ ಕಟ್ಟಿದ್ದು ನನ್ನೂರಿನಂಥ ಒಣ ನೆಲಕ್ಕೆ. ಮನೆ ಕದಲಲಿಲ್ಲ, ನೀರೇ ಬಂದು ಅದನ್ನು ಪರಸ್ಥಳದಲ್ಲಿ ನಿಲ್ಲಿಸಿತು. ನಾನು ಬಸ್ಸಿನಲ್ಲಿ ಬಂದೆ, ಅಷ್ಟೇ ಫರಕು.

"ಇದನ್ನ ಮಣ್ಣು ಹಾಕಿ ತುಂಬಿಬಿಡ್ತೀನಿ" ಅಂದೆ.

"ಇರ್ಲಿ ಬಿಡ್ರಿ, ಹಿರ್ಯಾರು ತೋಡಿಸಿದ್ದು."

"ಇರ್ಲಿ ಅಂತ ನೀವು ಬಿಟ್ಟದ್ದಕ್ಕ ನಾ ಇಳಿದೆ."

"ತುಂಬಾಕ ಒಣ ಮಣ್ಣು ಎಲ್ಲೈತ್ರಿ ಈ ಕೆಸರಿನಾಗ?"

ಎಲ್ಲಿದೆ ಎಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಎರಡು ಖಾಲಿ ಗೊಬ್ಬರದ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡೆ. ಬಾಗಿಲಲ್ಲಿ ಶಾಂತಾ ಅಡ್ಡ ನಿಂತಳು.

"ಎಲ್ಲಿಗಬೇ?"

"ಊರಿಗೆ. ಬಿದ್ದ ಮಾಳಿಗಿ ಮಣ್ಣು ತರಾಕ."

"ಎರಡು ಚೀಲಕ್ಕ ಹಗೇವು ತುಂಬತೈತೇನು?"

"ತುಂಬಂಗಿಲ್ಲ. ನಾಳಿನೂ ಹೋಗ್ತೀನಿ."

ಗಟ್ಟು ದಾಟಿ ಮಸ್ಕಿ ಬಸ್ಸು ಹತ್ತಿದೆ.