ಗಿರಿಜಾಳ ಲ್ಯಾಪ್‌ಟಾಪಿಗೆ ಲಿನಕ್ಸ್

ಯಾವ ಯಂತ್ರವನ್ನೂ ಅದರ ಪಾಡಿಗೆ ಬಿಡುವ ಸ್ವಭಾವ ನನ್ನದಲ್ಲ. ನಮ್ಮ ಮನೆಯ ಮಿಕ್ಸರ್, ಸೈಕಲ್ಲು, ಗೋಡೆ ಗಡಿಯಾರ ಎಲ್ಲವೂ ನನ್ನ ಕೈಗುಣ ಕಂಡಿವೆ. ಕೆಲವು ಬದುಕಿಯೂ ಇವೆ. ಹೀಗಾಗಿ ತನ್ನ ಲ್ಯಾಪ್‌ಟಾಪಿನ ಮೇಲೆ ನನ್ನ ಕಣ್ಣು ಬಿದ್ದಿದೆ ಎಂದು ಗೊತ್ತಾದ ದಿನದಿಂದ ನನ್ನ ಹೆಂಡತಿ ಗಿರಿಜಾ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕತೊಡಗಿದಳು.

ಗಿರಿಜಾ ವಿಜಯಪುರದಿಂದ ದಿನಾ ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋಗಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ. ಭೂತನಾಳ ಕೆರೆಯ ಹಕ್ಕಿ, ಒದ್ದೆ ಬಟ್ಟೆಯಲ್ಲಿ ಮೊಳೆಯುವ ಹೆಸರುಕಾಳು, ಹೀಗೆ ತಾನೇ ತೆಗೆದ ವಿಡಿಯೋಗಳನ್ನು ತೋರಿಸಿ ಪಾಠ ಮಾಡುವುದು ಅವಳ ಪದ್ಧತಿ. ಆದರೆ ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಗುಂಡಿ ಒತ್ತಿ, ಒಳಗೆ ಹೋಗಿ ರೊಟ್ಟಿ ಬಡಿದು ಬೇಯಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಒಂದು ದಿನ ತರಗತಿಯಲ್ಲಿ ಅದು ಪಾಠದ ಗಂಟೆ ಮುಗಿಯುವವರೆಗೂ ತಿರುಗಿತು. ಅಂದು ಸಂಜೆ ಗಿರಿಜಾ ತಾನಾಗಿಯೇ ಅದನ್ನು ನನ್ನ ಮುಂದೆ ತಂದಿಟ್ಟಳು.

"ಅದೇನೋ ಲಿನಕ್ಸ್ ಅಂತಿದ್ರಲ್ಲ, ಹಾಕ್ರಿ. ಆದ್ರ ನನ್ನ ವಿಡಿಯೋ ಹೋದ್ವು ಅಂದ್ರ ನಾ ಸುಮ್ನ ಇರಾಂಗಿಲ್ಲ."

ಲಿನಕ್ಸ್ ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಎಲ್ಲೆಲ್ಲಿಯದೋ ಜನ ಸೇರಿ ಬರೆದು, ತಿದ್ದಿ, ಪುಕ್ಕಟೆಯಾಗಿ ಹಂಚುತ್ತಾರೆ. ಮುದಿ ಯಂತ್ರಗಳ ಮೇಲೆ ಅದಕ್ಕೆ ಕರುಣೆ ಹೆಚ್ಚು. ಇಷ್ಟೆಲ್ಲ ವಿವರಿಸುತ್ತ ನಾನು ಭಾನುವಾರ ಕೆಲಸಕ್ಕೆ ಕೂತೆ. ಮೊದಲು ಅವಳ ವಿಡಿಯೋಗಳನ್ನು ಪೆನ್‌ಡ್ರೈವಿಗೆ ಸಾಗಿಸಿದೆ. ಆಮೇಲೆ ಲಿನಕ್ಸನ್ನು ಲ್ಯಾಪ್‌ಟಾಪಿಗೆ ಹಾಕಲು ಅದನ್ನೂ ಒಂದು ಪೆನ್‌ಡ್ರೈವಿನ ಮೇಲೆ ಬರೆಯಬೇಕು. ಬರೆಯುವಾಗ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನನ್ನ ಬೆರಳು ಗುಂಡಿಯ ಮೇಲಿತ್ತು.

"ವಿಡಿಯೋ ಇಟ್ಟಿದ್ದು ಇದರಾಗ ಅಲ್ಲೇನ್ರಿ?" ಎಂದಳು ಗಿರಿಜಾ, ಹಿಂದಿನಿಂದ.

ನಾನು ಕೈ ಹಿಂದಕ್ಕೆ ತೆಗೆದೆ. ಅವಳು ಬೇರೆ ಪೆನ್‌ಡ್ರೈವ್ ತಂದುಕೊಟ್ಟು, ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತಳು. ಅಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಬರೀ ಅವಲಕ್ಕಿ.

ಅವಳ ಇಷ್ಟದಂತೆ ಭಾಷೆ ಕನ್ನಡವೆಂದು ಆರಿಸಿದೆವು. ಪರದೆ 'ಅನುಸ್ಥಾಪಿಸು' ಎಂದಿತು. "ಹಾಕು ಅಂದಿದ್ರ ಆಗ್ತಿರಲಿಲ್ಲೇನು?" ಎಂದು ಕೇಳಿದಳು. ನನಗೇನೋ ಆ ಪದ ಹಿಡಿಸಿತು. ಗೋಳಗುಮ್ಮಟದ ಊರಿನಲ್ಲಿ ಹುಟ್ಟಿದವನಿಗೆ ಸ್ಥಾಪನೆ ಎಂದರೆ ಎದೆ ಸ್ವಲ್ಪ ಉಬ್ಬುತ್ತದೆ. ಸುಲ್ತಾನರು ಕೋಟೆ ಕಟ್ಟಿಸಿದರು, ನಾನು ಲಿನಕ್ಸ್ ಹಾಕಿದೆ.

ಉಬ್ಬಿದ ಎದೆ ಬೇಗ ಇಳಿಯಿತು. ಲ್ಯಾಪ್‌ಟಾಪು ಹುಡುಗನಂತೆ ಚುರುಕಾಗಿ ಎದ್ದಿತು, ಆದರೆ ವೈಫೈ ಹತ್ತಲಿಲ್ಲ. ನಾನು ಮೂರು ಸಲ ಆರಿಸಿ ಹಚ್ಚಿ, ತಲೆಯ ಮೇಲೆ ಕೈ ಹೊತ್ತು ಕೂತೆ. ಗಿರಿಜಾ ಮೊಬೈಲಿನಲ್ಲಿ ಏನೇನೋ ಹುಡುಕಿ ಓದಿದಳು.

"ವೈಫೈ ನಡಸೂ ತಂತ್ರಾಂಶ, ಡ್ರೈವರ್ ಅಂತ, ಬ್ಯಾರೆ ಹಾಕಬೇಕಂತ್ರಿ. ಡ್ರೈವರ್ ಇಲ್ಲಂದ್ರ ನಮ್ಮ ಬಬಲೇಶ್ವರ ಬಸ್ಸರ ಎಲ್ಲಿ ಹೊಂಡತೈತಿ?"

ಮೊಬೈಲನ್ನು ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ಇಂಟರ್ನೆಟ್ಟಿನಿಂದಲೇ ಆ ಡ್ರೈವರನ್ನು ಇಳಿಸಿಕೊಂಡಳು. ವೈಫೈ ಹತ್ತಿತು. ಇಬ್ಬರೂ ಒಂದಿಷ್ಟು ಹೊತ್ತು ಪರದೆಯ ಮೂಲೆಯಲ್ಲಿ ಮೂಡಿದ ಅದರ ಸಣ್ಣ ಗುರುತನ್ನೇ ನೋಡುತ್ತ ಕೂತೆವು. ಮದುವೆಯಾದ ಮೇಲೆ ಹಾಗೆ ಒಂದೇ ಕಡೆ ನೋಡುತ್ತ ಕೂತದ್ದು ಕಡಿಮೆ.

ಸೋಮವಾರ ತರಗತಿಯಲ್ಲಿ ಹೆಸರುಕಾಳು ತಡವಿಲ್ಲದೆ ಮೊಳೆಯಿತು. ಅದನ್ನು ಕಂಡು ಟಿಕೋಟಾದಿಂದ ಬರುವ ಮುಮ್ತಾಜ್ ಟೀಚರ್, "ನನ್ನ ಲ್ಯಾಪ್‌ಟಾಪಿಗೂ ನಿಮ್ಮ ಮನಿಯವ್ರು ಹಾಕಿಕೊಡ್ತಾರೇನ್ರಿ?" ಎಂದು ಕೇಳಿದರಂತೆ.

"ಅವರ್ಯಾಕ್ರಿ, ನಾನ ಹಾಕಿಕೊಡ್ತೀನಿ" ಎಂದಳಂತೆ ಗಿರಿಜಾ.

ಮುಂದಿನ ಭಾನುವಾರ ಟಿಕೋಟಾಕ್ಕೆ ಹೋದೆವು. ಟೀಚರುಗಳಿಬ್ಬರೂ ಒಳಗೆ ಲ್ಯಾಪ್‌ಟಾಪು ತೆರೆದು ಕೂತರು. ಸಲಹೆ ಕೊಡಲು ನಾನು ಎರಡು ಸಲ ಹೊಸ್ತಿಲವರೆಗೆ ಹೋಗಿ ಬಂದೆ. ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಪಡಸಾಲೆಯಲ್ಲಿ ಮುಮ್ತಾಜ್ ಟೀಚರ ಗಂಡನೊಂದಿಗೆ ಚಹಾ ಕುಡಿಯುತ್ತ ಕೂತೆ. ಅವರು ದ್ರಾಕ್ಷಿ ತೋಟದವರು. ಒಳಗಿನ ನಗು ಕೇಳಿಸಿಕೊಂಡು, ನನ್ನ ಕಡೆ ಮರುಕದಿಂದ ನೋಡಿದರು.

"ನಿಮಗ ಇದೆಲ್ಲಾ ಬರಾಂಗಿಲ್ಲೇನ್ರಿ?"

"ಕಲಿಯಾಕತ್ತೀನ್ರಿ" ಎಂದೆ. "ಮನ್ಯಾಗ ಟೀಚರ್ ಅದಾರ."